ಗಟ್ಟಿಮೇಳ ನಿಲ್ಲಿಸಿದವಳು

ನಮ್ಮ ಯಜಮಾನರ ಎದೆ ನಿಂತದ್ದು ಸರಿಯಾಗಿ ಮುಹೂರ್ತದ ಹೊತ್ತಿಗೆ. ಬಸ್ಸಿಗಾಗಲಿ, ಆಫೀಸಿಗಾಗಲಿ, ಸ್ವಂತ ಮದುವೆಯ ಆರತಕ್ಷತೆಗಾಗಲಿ ಒಂದು ದಿನವೂ ವೇಳೆಗೆ ಬಂದ ಮನುಷ್ಯನಲ್ಲ. ಆದರೆ ತಂಗಿಯ ಮಗಳ ಮದುವೆಯಲ್ಲಿ ಪುರೋಹಿತರು ಕೈ ಎತ್ತಿ ‘ಗಟ್ಟಿಮೇಳ’ ಎಂದದ್ದಕ್ಕೂ ಇವರು ಮಂಟಪದ ಮೆಟ್ಟಿಲ ಬುಡದಲ್ಲಿ ಕುಸಿದದ್ದಕ್ಕೂ ಒಂದು ಉಸಿರಿನ ಅಂತರವಿರಲಿಲ್ಲ. ಆಮೇಲೆ ನಡೆದದ್ದನ್ನು ನಮ್ಮ ನೆಂಟರು ಒಬ್ಬೊಬ್ಬರು ಒಂದೊಂದು ರೀತಿ ಹೇಳಿಕೊಂಡು ತಿರುಗುತ್ತಿದ್ದಾರೆ. ಎಲ್ಲರ ಕಥೆಯಲ್ಲೂ ಹೊಂದಾಣಿಕೆಯಾಗುವುದು ಒಂದೇ ವಿಷಯ: ಮದುವೆ ಕೆಡಿಸಿದವಳು ನಾನು. ಹಾಗಾಗಿ ನನ್ನ ಕಡೆಯದನ್ನೂ ಬರೆದಿಡುತ್ತಿದ್ದೇನೆ. ಓದುವವರು ಓದಲಿ, ಬಿಡುವವರು ಬಿಡಲಿ.

ಮೊದಲು ಒಂದು ಯಂತ್ರದ ವಿಷಯ ಹೇಳಬೇಕು. ಮದುವೆಗೆ ಕೆಲವು ತಿಂಗಳ ಹಿಂದೆ ಬಸವೇಶ್ವರನಗರದ ನಮ್ಮ ರಸ್ತೆಯ ನಿವಾಸಿಗಳ ಸಂಘದವರು ಒಂದು ಭಾನುವಾರ ಬೆಳಿಗ್ಗೆ ಜೀವ ಉಳಿಸುವ ತರಬೇತಿ ಇಟ್ಟಿದ್ದರು. ಮುಗಿದ ಮೇಲೆ ಖಾರಾಬಾತ್, ಕೇಸರಿಬಾತ್ ಇದೆ ಎಂದು ವಾಟ್ಸಾಪಿನಲ್ಲಿ ಹಾಕಿದ್ದರಿಂದ ಸಭಾಂಗಣ ತುಂಬಿತ್ತು. ಯಾವುದೋ ಆಸ್ಪತ್ರೆಯಿಂದ ಬಂದಿದ್ದ ಒಬ್ಬ ಹುಡುಗಿ ಮೇಜಿನ ಮೇಲೆ ರಬ್ಬರಿನ ಅರ್ಧ ಗಂಡಸನ್ನು ಮಲಗಿಸಿ, ಎದೆ ಒತ್ತುವುದನ್ನು ತೋರಿಸಿ, ಈಗ ನೀವು ಒಬ್ಬೊಬ್ಬರೇ ಬನ್ನಿ ಎಂದಳು. ನಮ್ಮ ಹೆಂಗಸರು ಆ ರಬ್ಬರ್ ಗಂಡಸನ್ನು ಮುಟ್ಟಲು ನಾಚಿಕೊಂಡದ್ದನ್ನು ನೋಡಬೇಕಿತ್ತು. ಎದುರು ಮನೆಯಾಕೆ ಒತ್ತುವ ಮೊದಲು ಅವನ ಎದೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಸಂಘದ ಖಜಾಂಚಿ ಇದನ್ನು ಖಾಲಿ ಹೊಟ್ಟೆಯಲ್ಲಿ ಮಾಡಬೇಕೋ ಊಟವಾದ ಮೇಲೋ ಎಂದು ಕೇಳಿದರು. ಒತ್ತುವವರ ಹೊಟ್ಟೆಯೋ ಬಿದ್ದವರ ಹೊಟ್ಟೆಯೋ ಎಂದು ಆ ಹುಡುಗಿ ಕೇಳಲಿಲ್ಲ. ಒಳ್ಳೆಯ ಮನೆಯಿಂದ ಬಂದವಳು.

ಆಮೇಲೆ ಅವಳು ಊಟದ ಡಬ್ಬಿಯ ಗಾತ್ರದ ಒಂದು ಪೆಟ್ಟಿಗೆ ತೆಗೆದಳು. ಮನುಷ್ಯ ಇದ್ದಕ್ಕಿದ್ದಂತೆ ಬಿದ್ದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಅವನ ಹೃದಯ ಬಡಿಯುವುದನ್ನು ಬಿಟ್ಟು ಸುಮ್ಮನೆ ನಡುಗುತ್ತಿರಬಹುದು, ಆಗ ರಕ್ತ ಎಲ್ಲಿಗೂ ಹೋಗುವುದಿಲ್ಲ ಎಂದಳು. ನಾವು ಎದೆ ಒತ್ತಿದರೆ ಮಿದುಳಿಗೆ ಒಂದಿಷ್ಟು ರಕ್ತ ಹೋಗುತ್ತದೆ. ಈ ಪೆಟ್ಟಿಗೆ ಒಂದು ಹೊಡೆತ ಕೊಟ್ಟು ಆ ನಡುಕ ನಿಲ್ಲಿಸುತ್ತದೆ, ಹೃದಯ ಮತ್ತೆ ತನ್ನ ಲಯ ಹಿಡಿಯಲು ದಾರಿಯಾಗುತ್ತದೆ. ಹೊಡೆತ ಬೇಕೋ ಬೇಡವೋ ಎಂದು ಅದೇ ನೋಡಿ ತೀರ್ಮಾನಿಸುತ್ತದೆ, ಬೇಡವೆಂದರೆ ನೀವು ಗುಂಡಿ ಎಷ್ಟು ಒತ್ತಿದರೂ ಕೊಡುವುದಿಲ್ಲ, ಹೆದರಬೇಡಿ ಎಂದಳು. ಮುಚ್ಚಳ ತೆರೆದ ಕೂಡಲೇ ಪೆಟ್ಟಿಗೆ ಮಾತಾಡತೊಡಗಿತು. ಏನೂ ನೆನಪಿಟ್ಟುಕೊಳ್ಳುವುದು ಬೇಕಿಲ್ಲ, ಅದು ಹೇಳಿದ್ದನ್ನು ಕೇಳಿಸಿಕೊಂಡು ಹಾಗೇ ಮಾಡಿದರೆ ಸಾಕು ಎಂದು ಅವಳು ಎರಡೆರಡು ಸಲ ಹೇಳಿದಳು.

ಹಿಂದಿನ ಸಾಲಿನಲ್ಲಿ ಕೂತಿದ್ದ ನಮ್ಮವರು, ಮಾತಾಡೋ ಮಷೀನು ನಮ್ಮನೇಲಿ ಆಗಲೇ ಒಂದಿದೆ ಎಂದು ಪಕ್ಕದವರಿಗೆ ಹೇಳಿ ಸುತ್ತಲಿನವರನ್ನೆಲ್ಲ ನಗಿಸಿದರು. ಒತ್ತುವುದನ್ನು ಕಲಿಯಲು ಮಾತ್ರ ಏಳಲಿಲ್ಲ. ಖಾರಾಬಾತಿಗೆ ಎರಡು ಸಲ ಎದ್ದರು.

ಇನ್ನು ನನ್ನ ನಾದಿನಿ. ಇವರ ಒಬ್ಬಳೇ ತಂಗಿ, ಇವರ ಪ್ರಾಣ. ಕುರುಬರಹಳ್ಳಿಯಲ್ಲಿ ಮನೆ, ಬಾಯಿ ಸ್ವಲ್ಪ ಜೋರು, ಮನಸ್ಸು ಕೆಟ್ಟದ್ದಲ್ಲ. ಅವಳ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ವಾಲಗದವರು ಮೆತ್ತಗೆ ಬಾರಿಸಿದರಂತೆ, ಯಾರೋ ಸೀನಿದ್ದು ಅವಳ ಕಿವಿಗೆ ಬಿತ್ತಂತೆ. ಗಟ್ಟಿಮೇಳ ಇರುವುದೇ ಅಂಥ ಅಪಶಕುನದ ಸದ್ದು ಯಾರ ಕಿವಿಗೂ ಬೀಳಬಾರದೆಂದು. ಅವಳ ಕಿವಿಗೆ ಬಿತ್ತಲ್ಲ, ಮುಗಿಯಿತು. ಗಂಡನಿಗೆ ದೂರದ ಊರಿಗೆ ವರ್ಗವಾದದ್ದು, ಅತ್ತೆಯ ನಾಲಿಗೆ, ಕೊರೆಸಿದ ಬೋರಿನಲ್ಲಿ ನೀರು ಬಾರದಿದ್ದದ್ದು, ಎಲ್ಲವೂ ಆ ಸೀನಿನ ಫಲ. ಮಗಳ ಮದುವೆಯಲ್ಲಿ ಹಾಗಾಗಬಾರದೆಂದು ಎರಡು ತಂಡ ವಾಲಗ ಹೇಳಿದ್ದಳು. ಪುರೋಹಿತರನ್ನೂ ನಂಬದೆ, ಏನೇ ಆಗಲಿ, ನಾನು ಕೈ ಎತ್ತುವವರೆಗೆ ನಿಲ್ಲಿಸಬಾರದು ಎಂದು ಡೋಲಿನವರಿಗೆ ಹಿಂದಿನ ದಿನವೇ ತಾಕೀತು ಮಾಡಿದ್ದಳು. ಅವಳು ಹಾಗೆ ಹೇಳುವಾಗ ನಾನು ಪಕ್ಕದಲ್ಲೇ ಹೂವು ಕಟ್ಟುತ್ತಿದ್ದೆ. ಒಳ್ಳೆಯ ಏರ್ಪಾಡು ಎಂದು ನಾನೂ ತಲೆಯಾಡಿಸಿದೆ.

ಛತ್ರ ವಿಜಯನಗರದಲ್ಲಿ. ಒಂದು ಕಾಲಕ್ಕೆ ಅಲ್ಲಿ ರಾಗಿ ಬೆಳೆಯುತ್ತಿದ್ದವರು ಈಗ ಅದೇ ಜಾಗದಲ್ಲಿ ಮದುವೆ ಬೆಳೆಯುತ್ತಿದ್ದಾರೆ. ವಧುವಿನ ಕೋಣೆ, ವರನ ಕೋಣೆ, ಜನರೇಟರು, ಲಿಫ್ಟು ಇವುಗಳ ಜೊತೆ ಹೃದಯದ ಯಂತ್ರವೂ ನಮ್ಮಲ್ಲಿದೆ ಎಂದು ಮಾಲೀಕರು ಅವರ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದರು. ಮ್ಯಾನೇಜರ್ ಕೋಣೆಯ ಹೊರಗೆ ಗೋಡೆಯ ಮೇಲೆ ಅದರ ಹಸಿರು ಪೆಟ್ಟಿಗೆ. ಅಲಂಕಾರದವರು ಗೋಡೆಯ ಮೇಲಿದ್ದದ್ದನ್ನೆಲ್ಲ ಸಿಂಗರಿಸಿದಂತೆ ಅದಕ್ಕೂ ಚೆಂಡುಹೂವಿನ ಹಾರ ಹಾಕಿದ್ದರು. ಗಂಡಿನ ಕಡೆಯ ಒಬ್ಬ ಅಜ್ಜಿ ಹುಂಡಿ ಎಂದುಕೊಂಡು ಅದರಲ್ಲಿ ದುಡ್ಡು ಹಾಕುವ ಸಂದು ಹುಡುಕುತ್ತಿದ್ದರು. ನಾನು ಅವರಿಗೆ ವಿವರಿಸಿ ಹೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು, ಶುಭ ದಿನದಲ್ಲಿ ಇವಳಿಗೆ ಎಂಥ ಮಾತು ಎನ್ನುವಂತೆ.

ಬೆಳಗಿನಿಂದಲೇ ಇವರಿಗೆ ಎದೆ ಭಾರ, ಬೆವರು. ನಮ್ಮ ಕಡೆ ಜನಕ್ಕೆ ಇರುವುದು ಒಂದೇ ಕಾಯಿಲೆ, ಗ್ಯಾಸ್ಟ್ರಿಕ್. ಎದೆ ನೋವಾದರೂ ಗ್ಯಾಸ್ಟ್ರಿಕ್, ಬೆನ್ನು ನೋವಾದರೂ ಗ್ಯಾಸ್ಟ್ರಿಕ್, ಮಗ ಮಾತು ಕೇಳದಿದ್ದರೂ ಗ್ಯಾಸ್ಟ್ರಿಕ್. ಡಾಕ್ಟರ ಹತ್ತಿರ ಹೋಗೋಣ ಎಂದೆ. ಸೋದರಮಾವ ಹೆಣ್ಣನ್ನು ಮಂಟಪಕ್ಕೆ ಕರೆತರುವವರೆಗೆ ಎಲ್ಲಿಗೂ ಇಲ್ಲ ಎಂದರು. ಒಬ್ಬರು ಜೀರಿಗೆ ಸೋಡಾ ಕುಡಿಸಿದರು, ಇನ್ನೊಬ್ಬರು ತಮ್ಮ ಜೇಬಿನಿಂದ ಮಾತ್ರೆ ಕೊಟ್ಟರು, ಮತ್ತೊಬ್ಬರು ಮಜ್ಜಿಗೆ ತಂದರು. ಹೊಟ್ಟೆಯಲ್ಲಿ ಇಷ್ಟೆಲ್ಲ ತುಂಬಿಕೊಂಡು, ತಂಗಿ ಕೊಟ್ಟ ರೇಷ್ಮೆ ಜುಬ್ಬ, ತಲೆಗೆ ಪೇಟ ಹಾಕಿಕೊಂಡು, ಸೊಸೆಯ ಕೈ ಹಿಡಿದು ಮಂಟಪ ಹತ್ತಿಸಿದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಆದರೂ ನಗುತ್ತಿದ್ದರು. ಧಾರೆ ಎರೆಯುವುದು ಮುಗಿಯಿತು. ಇವರು ಮೆಲ್ಲಗೆ ಮೆಟ್ಟಿಲಿಳಿದು ನನ್ನ ಕಡೆ ಬರುತ್ತಿದ್ದರು. ಪುರೋಹಿತರು ಕೈ ಎತ್ತಿದರು.

ಮೆಟ್ಟಿಲ ಪಕ್ಕದಲ್ಲೇ ವಾಲಗದವರ ಜಮಖಾನ. ಎರಡು ನಾದಸ್ವರ, ಎರಡು ಡೋಲು ಒಟ್ಟಿಗೆ ಶುರುವಾದರೆ ಎದೆಗೂಡು ತಾನಾಗಿ ಅದುರುತ್ತದೆ. ಆ ಸದ್ದಿನಲ್ಲಿ ಇವರು ಬಿದ್ದದ್ದು ಕೇಳಿಸಲಿಲ್ಲ, ನಾನು ಕಂಡೆ. ಓಡಿಹೋಗಿ ಅಲುಗಿಸಿದೆ, ಕೂಗಿದೆ. ಕಣ್ಣು ಅರೆತೆರೆದಿತ್ತು, ಆದರೆ ನೋಟ ಇರಲಿಲ್ಲ. ಬಾಯಿ ಆಗೊಮ್ಮೆ ಈಗೊಮ್ಮೆ ತೆರೆದು ಮುಚ್ಚುತ್ತಿತ್ತು. ಉಸಿರಾಡ್ತಿದಾರೆ, ಏನೂ ಇಲ್ಲ ಎಂದು ಒಬ್ಬ ಬಂಧು ಸನ್ನೆಯಲ್ಲೇ ಸಮಾಧಾನ ಹೇಳಿದರು. ಅದು ಉಸಿರಲ್ಲ. ಹೀಗೆ ಆಗೊಮ್ಮೆ ಈಗೊಮ್ಮೆ ಬಾಯಿ ಬಿಡುವುದನ್ನು ಉಸಿರು ಎಂದುಕೊಂಡು ಸುಮ್ಮನಿರಬೇಡಿ ಎಂದು ಆ ತರಬೇತಿಯ ಹುಡುಗಿ ಹೇಳಿದ್ದಳು. ಈ ಮನುಷ್ಯ ಹೋಗುತ್ತಿದ್ದಾರೆ, ನನ್ನ ಕಣ್ಣ ಮುಂದೆಯೇ ಹೋಗುತ್ತಿದ್ದಾರೆ ಎಂದು ತಿಳಿಯಿತು.

ನನ್ನ ಹಿಂದೆಯೇ ಓಡಿ ಬಂದಿದ್ದ ನಮ್ಮ ಮಗಳಿಗೆ ಗೋಡೆಯ ಹಸಿರು ಪೆಟ್ಟಿಗೆಯ ಕಡೆ ಕೈ ತೋರಿಸಿದೆ. ಅವಳು ಓಡಿದಳು. ದಾರಿಯಲ್ಲೇ ಮ್ಯಾನೇಜರಿಗೆ ಆಂಬುಲೆನ್ಸ್ ಕರೆಯಲು ಹೇಳಿದಳೆಂದು ಆಮೇಲೆ ಗೊತ್ತಾಯಿತು. ನಾನು ಮಂಡಿಯೂರಿ ಎದೆಯ ನಡುವೆ ಎರಡೂ ಕೈ ಇಟ್ಟು ಒತ್ತತೊಡಗಿದೆ. ಅಷ್ಟರಲ್ಲಿ ಬಂಧುಬಳಗದ ವೈದ್ಯಕೀಯವೂ ಆರಂಭವಾಯಿತು. ಇವರ ಮುಷ್ಟಿಯೊಳಗೆ ಯಾರೋ ಕಾರಿನ ಬೀಗದ ಕೈ ತುರುಕಿದರು. ಯಾರೋ ಈರುಳ್ಳಿ ತರಲು ಅಡುಗೆಮನೆಗೆ ಓಡಿದರು. ಒಬ್ಬರು ಬಾಯಿಗೆ ನೀರು ಬಿಡಲು ಬಂದರು, ಅವರ ಲೋಟವನ್ನು ಮೊಣಕೈಯಲ್ಲಿ ತಳ್ಳಿದೆ. ಇಬ್ಬರು ಹಿರಿಯ ಹೆಂಗಸರು ನನಗೇ ಏನೋ ಆಗಿದೆಯೆಂದು ಹಿಂದಿನಿಂದ ನನ್ನ ಭುಜ ಹಿಡಿದು ಸಂತೈಸತೊಡಗಿದರು. ಒಬ್ಬೊಬ್ಬರದೂ ಪ್ರೀತಿಯೇ. ಅಷ್ಟು ಪ್ರೀತಿಯ ಮಧ್ಯೆ ಒಬ್ಬ ಮನುಷ್ಯ ಬದುಕುವುದು ಕಷ್ಟ.

ನಾದಿನಿ ಮಂಟಪದಿಂದ ಇಳಿದು ಬಂದು ಅಣ್ಣನ ಪಾದ ಎರಡೂ ಕೈಯಲ್ಲಿ ಅಪ್ಪಿ ಹಿಡಿದಳು. ಅಳುತ್ತಲೇ ನನ್ನ ಕಡೆ ಬಾಗಿ ಕಿವಿಗೆ ಬೀಳುವಂತೆ ಕೂಗಿದಳು: “ಅತ್ತಿಗೆ, ತಾಳಿ ಕಟ್ಟೋವರೆಗೆ ಯಾರಿಗೂ ಗೊತ್ತಾಗೋದು ಬೇಡ, ಮುಹೂರ್ತ ಮೀರ್ತದೆ.”

ಯಾರಿಗೂ ಗೊತ್ತಾಗದಿರಲು ಬೇರೇನೂ ಬೇಕಿರಲಿಲ್ಲ, ವಾಲಗವೇ ಸಾಕಿತ್ತು. ಡೋಲಿನವರು ಪಾಪ, ಕೊಟ್ಟ ಮಾತಿಗೆ ತಪ್ಪದವರು. ಮಂಟಪದ ಮೇಲೆ ಗೊಂದಲವಾದಷ್ಟೂ ಗಟ್ಟಿಯಾಗಿ ಬಾರಿಸಿದರು. ಅವರ ಕಣ್ಣೆಲ್ಲ ನಾದಿನಿಯ ಕೈ ಮೇಲೆ. ಅವಳು ಕೈ ಎತ್ತಬೇಕು, ಆಗ ನಿಲ್ಲಿಸಬೇಕು. ಅವಳ ಕೈ ಅಣ್ಣನ ಪಾದ ಬಿಟ್ಟು ಮೇಲೇಳುತ್ತಿಲ್ಲ. ತಾನು ಏನು ಹೇಳಿದ್ದೆ ಎನ್ನುವುದನ್ನು ಅವಳು ಪೂರ್ತಿ ಮರೆತಿದ್ದಳು. ಪುರೋಹಿತರು ತಾಳಿಯ ತಟ್ಟೆ ಹಿಡಿದುಕೊಂಡು ಕೆಳಗೂ ನೋಡುತ್ತಾ ಗಡಿಯಾರವನ್ನೂ ನೋಡುತ್ತಾ ನಿಂತಿದ್ದರು.

ಮಗಳು ಪೆಟ್ಟಿಗೆ ತಂದಳು, ಹಾರ ಸಮೇತ. ಮುಚ್ಚಳ ತೆರೆದಾಗ ದೀಪ ಮಿನುಗಿತು, ಮಾತು ಕೇಳಿಸಲಿಲ್ಲ. ಕೆಟ್ಟಿದೆ ಎಂದುಕೊಂಡೆ. ಮಗಳು ಬಗ್ಗಿ ಕಿವಿ ಹಚ್ಚಿ, ಮಾತಾಡ್ತಿದೆ ಎಂದು ಬೆರಳಿನಲ್ಲಿ ತೋರಿಸಿದಳು. ಕೇಳಿಸಿಕೊಂಡರೆ ಸಾಕು ಎಂದಿದ್ದಳಲ್ಲ ಆ ತರಬೇತಿಯ ಹುಡುಗಿ, ಆ ಒಂದು ಕೆಲಸವೇ ಅಲ್ಲಿ ಆಗುವಂತಿರಲಿಲ್ಲ. ಪೆಟ್ಟಿಗೆಯ ಜೊತೆಗಿದ್ದ ಕತ್ತರಿಯಿಂದ ರೇಷ್ಮೆ ಜುಬ್ಬವನ್ನು ಕುತ್ತಿಗೆಯಿಂದ ಹೊಟ್ಟೆಯವರೆಗೆ ಕತ್ತರಿಸಿದೆ. ಬೆವರು ಒರೆಸಿ, ಅಂಟುವ ಎರಡು ಪಟ್ಟಿಗಳನ್ನು ಅವುಗಳ ಮೇಲಿನ ಚಿತ್ರ ನೋಡಿಕೊಂಡು ಒಂದನ್ನು ಬಲಗಡೆ ಕುತ್ತಿಗೆ ಎಲುಬಿನ ಕೆಳಗೆ, ಇನ್ನೊಂದನ್ನು ಎಡ ಪಕ್ಕೆಗೆ ಅಂಟಿಸಿದೆವು. ತಲೆಯೆತ್ತಿದರೆ, ಮೇಲಿನ ದೊಡ್ಡ ಎಲ್‌ಇಡಿ ಪರದೆಯ ಮೇಲೆ ನಮ್ಮವರ ಬರಿಯ ಎದೆ. ವಿಡಿಯೋದವರು ಕರ್ತವ್ಯ ಬಿಟ್ಟಿರಲಿಲ್ಲ. ಊಟದ ಹಾಲಿನಲ್ಲಿಯೂ ಒಂದು ಪರದೆ ಇತ್ತು, ಮೊದಲ ಪಂಕ್ತಿಗೆ ಜಾಗ ಹಿಡಿದಿದ್ದವರು ಅಲ್ಲಿಂದಲೇ ನೋಡಿದರಂತೆ, ಎದ್ದರೆ ಜಾಗ ಹೋಗುತ್ತದಲ್ಲ.

ನಾವು ಕೈ ತೆಗೆದೆವು. ಯಂತ್ರ ಹೃದಯವನ್ನು ಪರೀಕ್ಷಿಸುವಾಗ ಯಾರೂ ಮುಟ್ಟಬಾರದೆಂಬುದು ನೆನಪಿತ್ತು. ಕ್ಷಣದಲ್ಲಿ ಕಿತ್ತಳೆ ಬಣ್ಣದ ಗುಂಡಿ ಮಿಟುಕತೊಡಗಿತು. ಅಂದರೆ ಹೊಡೆತ ಬೇಕು ಎಂದು ಅದು ತೀರ್ಮಾನಿಸಿತ್ತು. ಒತ್ತಬೇಕು, ಆದರೆ ನಾದಿನಿ ಇವರ ಪಾದ ಅಪ್ಪಿಕೊಂಡು ಕೂತಿದ್ದಾಳೆ. ಬಿಡು ಎಂದು ಕೂಗಿದೆ. ಕೇಳಿಸಲಿಲ್ಲ. ತಳ್ಳಿದೆ. ಅತ್ತಿಗೆಗೆ ದುಃಖದಲ್ಲಿ ಬುದ್ಧಿ ಕೆಟ್ಟಿದೆ ಎಂದುಕೊಂಡು ಅವಳು ಇನ್ನೂ ಬಿಗಿಯಾಗಿ ಹಿಡಿದಳು. ನಿಲ್ಸಿ ಎಂದು ವಾಲಗದವರ ಕಡೆ ಕೈ ಬೀಸಿದೆ. ಅವರು ನೋಡಬೇಕಾದ ಕೈ ನನ್ನದಲ್ಲವಲ್ಲ, ಬಾರಿಸುತ್ತಲೇ ಇದ್ದರು. ಗುಂಡಿ ಮಿಟುಕುತ್ತಿತ್ತು. ಇವರ ತುಟಿ ನೀಲಿಯಾಗುತ್ತಿತ್ತು. ಆಗ ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ಡೋಲಿನವರ ಮೇಲಲ್ಲ, ನಾದಿನಿಯ ಮೇಲೂ ಅಲ್ಲ. ಒಂದು ಕೆಟ್ಟ ಸದ್ದು ಕಿವಿಗೆ ಬೀಳದಿದ್ದರೆ ಕೆಟ್ಟದ್ದು ನಡೆಯಲೇ ಇಲ್ಲ ಎಂದುಕೊಳ್ಳುವ ನಮ್ಮೆಲ್ಲರ ಮೇಲೆ.

ಮಂಟಪದ ಅಂಚಿನಲ್ಲಿ ಗಂಡಿನ ಕಡೆಯವರು ತಂದ ತಟ್ಟೆಗಳ ಸಾಲು ಇತ್ತು. ಕೈಗೆ ಸಿಕ್ಕಿದ್ದು ತೆಂಗಿನಕಾಯಿ, ಅರಿಶಿನ ಬಳಿದು ಕುಂಕುಮ ಇಟ್ಟದ್ದು. ಹತ್ತಿರದ ಡೋಲಿಗೆ ಗುರಿಯಿಟ್ಟು ಎಸೆದೆ.

ನಾನು ಹುಡುಗಿಯಾಗಿದ್ದಾಗ ಮಾವಿನಕಾಯಿಗೆ ಕಲ್ಲು ಹೊಡೆದವಳು. ಗುರಿ ತಪ್ಪಲಿಲ್ಲ. ಡೋಲಿನ ಚರ್ಮ ಹರಿದು ಕಾಯಿ ಒಳಗೇ ಉಳಿಯಿತು. ಬಾರಿಸುತ್ತಿದ್ದವರು ಕೋಲು ಎತ್ತಿದ ಕೈ ಎತ್ತಿದಂತೆಯೇ ಕೂತರು. ಅವರು ನಿಂತದ್ದು ನೋಡಿ ಎರಡನೇ ಡೋಲು ನಿಂತಿತು, ನಾದಸ್ವರಗಳು ಒಂದರ ಹಿಂದೊಂದು ನಿಂತವು. ಛತ್ರದಲ್ಲಿ ಒಂದು ಪಿಸುಮಾತಿಲ್ಲ. ಆ ಮೌನದಲ್ಲಿ ಪೆಟ್ಟಿಗೆ ಬಹಳ ಸಮಾಧಾನದ ಇಂಗ್ಲಿಷಿನಲ್ಲಿ, ರೋಗಿಯನ್ನು ಯಾರೂ ಮುಟ್ಟಬೇಡಿ, ಮಿಟುಕುವ ಗುಂಡಿ ಒತ್ತಿ ಎಂದಿತು. ಅಷ್ಟು ಹೊತ್ತು ನಾನು ಕನ್ನಡದಲ್ಲಿ ಗಂಟಲು ಹರಿದುಕೊಂಡರೂ ಅಲ್ಲಾಡದ ಜನ ಇಂಗ್ಲಿಷ್ ಕೇಳಿದ್ದೇ ತಡ ಸಾಲಾಗಿ ಹಿಂದೆ ಸರಿದರು.

ನಾದಿನಿ ಮಾತ್ರ ಸರಿಯಲಿಲ್ಲ. ಒಡೆದ ಡೋಲನ್ನೇ ನೋಡುತ್ತಾ, ಪಾದ ಹಿಡಿದುಕೊಂಡೇ ಇದ್ದಳು. ನಾನು ಅವಳಿಗೆ ಮೆಲ್ಲಗೆ ಹೇಳಿದೆ: “ಕೈ ಬಿಡೇ. ನೀನು ಬಿಟ್ರೆ ನಿಮ್ಮಣ್ಣ ಉಳ್ಕೊಳ್ಳಬಹುದು.”

ಬಿಟ್ಟಳು. ಗುಂಡಿ ಒತ್ತಿದೆ. ಇವರ ಮೈ ಒಮ್ಮೆ ಎಗರಿ ಬಿತ್ತು. ಮತ್ತೆ ಎದೆ ಒತ್ತಲು ಪೆಟ್ಟಿಗೆ ಹೇಳಿತು, ಒತ್ತಿದೆ. ಕೈ ಸೋತಾಗ ಮಗಳು ಒತ್ತಿದಳು, ಅವಳು ಸೋತಾಗ ನಾನು. ನಮ್ಮ ಉಸಿರಿನ ಸದ್ದು, ಪೆಟ್ಟಿಗೆಯ ಟಿಕ್ ಟಿಕ್ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅದೇ ಹೊತ್ತಿಗೆ ಪುರೋಹಿತರು, ಮುಹೂರ್ತ ಜಾರುತ್ತಿದೆ ಎಂದು ಗಂಡಿನ ಮೊಣಕೈ ಒತ್ತಿದರು. ಅವನು ತಾಳಿ ಕಟ್ಟಿದ. ಹೆಣ್ಣು ಕುತ್ತಿಗೆ ಬಗ್ಗಿಸಿದ್ದರೂ ಕಣ್ಣು ನಮ್ಮ ಕಡೆಗೇ ಇತ್ತು, ಮಾವ ಮಾವ ಎಂದು ಅಳುತ್ತಿದ್ದಳು. ಅಕ್ಷತೆ ಹಾಕುವುದು ಯಾರಿಗೂ ನೆನಪಾಗಲಿಲ್ಲ. ಒತ್ತುತ್ತಿದ್ದ ನನ್ನ ಕೈಯನ್ನು ಇವರ ಕೈ ಬಂದು ತಳ್ಳಿತು. ಮದುವೆಯಾದಾಗಿನಿಂದ ಇವರು ನನ್ನ ಕೈ ತಳ್ಳಿದ್ದಕ್ಕೆ ನನಗೆ ಸಂತೋಷವಾದದ್ದು ಅದೊಂದೇ ಸಲ.

ಆಂಬುಲೆನ್ಸ್ ಬಂತು, ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಛತ್ರದಲ್ಲೇ ಹೊಡೆತ ಸಿಗದಿದ್ದರೆ ನಾವು ಮಾಡುವಂಥದ್ದು ಏನೂ ಉಳಿದಿರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಈ ಮಾತನ್ನು ನಾನು ನೆಂಟರಿಗೆಲ್ಲ ಹೇಳಿದೆ. ಅವರು ತಲೆಯಾಡಿಸಿ, ಮುಹೂರ್ತ ಬಹಳ ಒಳ್ಳೆಯದಿತ್ತು, ಅದಕ್ಕೇ ಉಳಿದರು ಎಂದರು. ನಮ್ಮ ಮಾವನವರು ಇವರ ತೋಳಿಗೆ ಕಟ್ಟಿಸಿದ್ದ ತಾಯಿತದಿಂದ ಎಂದವರೂ ಇದ್ದಾರೆ. ಬೀಗದ ಕೈ ತುರುಕಿದವರು ಈಗಲೂ ಪ್ರತಿ ಮದುವೆಯಲ್ಲಿ ತಮ್ಮ ಸಾಹಸ ಹೇಳಿಕೊಳ್ಳುತ್ತಾರೆ. ಪೆಟ್ಟಿಗೆಯ ಹೆಸರು ಯಾರ ಬಾಯಲ್ಲೂ ಇಲ್ಲ. ಅದು ಇಂಗ್ಲಿಷಿನಲ್ಲಿ ಮಾತಾಡಿದರೂ ತನ್ನ ಬಗ್ಗೆ ಹೇಳಿಕೊಳ್ಳುವುದನ್ನು ಕಲಿತಿಲ್ಲ.

ನನ್ನ ತೆಂಗಿನಕಾಯಿಗೆ ಮಾತ್ರ ಒಳ್ಳೆಯ ಹೆಸರು ಬಂತು. ಕಳಶಕ್ಕೆ ಸಮಾನವಾದ ಕಾಯಿ ಎಸೆದಳು, ಮಂಗಳವಾದ್ಯ ಒಡೆದಳು, ಉಡುಗೊರೆಯ ಜುಬ್ಬ ಕತ್ತರಿಸಿದಳು, ತಾಳಿ ಮೂಕವಾಗಿ ಕಟ್ಟುವಂತೆ ಮಾಡಿದಳು ಎಂದು ನಾದಿನಿ ನನ್ನೊಡನೆ ಮಾತು ಬಿಟ್ಟಳು. ಹೊಸ ಮನೆಯಲ್ಲಿ ಗ್ಯಾಸ್ ಬೇಗ ಮುಗಿದರೂ, ಅಳಿಯನ ಬೈಕು ಜ್ಞಾನಭಾರತಿಯ ಹತ್ತಿರ ಪಂಕ್ಚರ್ ಆದರೂ ಅದಕ್ಕೆ ಕಾರಣ ಸೋದರತ್ತೆ. ಆ ಹೊಸ ಗಂಡ ಹೆಂಡತಿ ಇಬ್ಬರೂ ಚೆನ್ನಾಗಿಯೇ ಇದ್ದಾರೆ, ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಅವರ ಮಾತು ಯಾರಿಗೆ ಬೇಕು. ಅಣ್ಣನನ್ನು ನೋಡಲು ನಾದಿನಿ ಬರುವುದು ನಾನು ತರಕಾರಿಗೆ ಹೋದ ಹೊತ್ತು ನೋಡಿಕೊಂಡು.

ಹಾಗೆ ಅವಳು ಬಂದು ಹೋದ ಒಂದು ಮಧ್ಯಾಹ್ನ ಇವರಿಗೆ ಊಟಕ್ಕೆ ಬಡಿಸಿದೆ. ಉಪ್ಪು ಕಡಿಮೆ ಹಾಕಿದ ಬೇಳೆಸಾರು, ತುಪ್ಪವಿಲ್ಲದ ಅನ್ನ. ಕಲಸುತ್ತಾ ಕೂತವರು, ತಾಳಿ ಕಟ್ಟುವಾಗ ವಾಲಗ ಇರಲಿಲ್ಲವಂತೆ ಹೌದಾ ಎಂದರು. ಹೌದೆಂದೆ. ಅವಳು ಎಷ್ಟು ಆಸೆಪಟ್ಟಿದ್ದಳು ಗೊತ್ತಾ ಎಂದರು. ಗೊತ್ತು ಎಂದೆ. ಆಮೇಲೆ ತಲೆಯೆತ್ತದೆ, “ತಾಳಿ ಕಟ್ಟೋವರೆಗಾದ್ರೂ ತಡೀಬಹುದಿತ್ತು ನೀನು” ಎಂದರು.

ನೆಂಟರು ಆಡಿದ್ದೆಲ್ಲ ನನಗೆ ತಾಕಿರಲಿಲ್ಲ. ಇದು ತಾಕಿತು. ಸಾರಿನ ಸೌಟು ಪಾತ್ರೆಯೊಳಗೆ ಬಿಟ್ಟು ಹೇಳಿದೆ: “ನಾನು ತಡೀತಿದ್ದೆ ಕಣ್ರೀ. ನೀವು ತಡೀತಿದ್ರಾ?”

ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. ಇವರ ಮುಖ ನೋಡಿದಾಗ ನನಗೆ ಗೊತ್ತಾಯಿತು, ಇವರಿಗೆ ಯಾರೂ ಹೇಳಿಯೇ ಇಲ್ಲ. ತಲೆ ಸುತ್ತಿ ಬಿದ್ದದ್ದು ಹೇಳಿದ್ದಾರೆ, ಸ್ಟೆಂಟು ಹೇಳಿದ್ದಾರೆ, ಕಾಯಿ ಹೇಳಿದ್ದಾರೆ, ಡೋಲು ಹೇಳಿದ್ದಾರೆ. ಅಶುಭದ ಮಾತು ಯಾಕೆಂದು ಆ ಒಂದು ಮಾತನ್ನು ಎಲ್ಲರೂ ನುಂಗಿದ್ದಾರೆ. ಹೇಳಿರುತ್ತಾರೆ ಎಂದುಕೊಂಡು ನಾನೂ ಸುಮ್ಮನಿದ್ದೆ.

“ನಾನು ಸತ್ತೋಗಿದ್ನೇನೇ?” ಎಂದು ಕೇಳಿದರು.

“ಹೂಂ,” ಎಂದೆ. “ಸ್ವಲ್ಪ ಹೊತ್ತು.”

ಛತ್ರದಲ್ಲಿ, ಆಂಬುಲೆನ್ಸಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಎಲ್ಲಿಯೂ ಅಳದವಳು ಅಷ್ಟು ಹೇಳುವಷ್ಟರಲ್ಲಿ ಅಳತೊಡಗಿದೆ. ಇವರು ಎಂಜಲು ಕೈಯಲ್ಲೇ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಬಿಡಿ ಎಂದು ನಾನು ಹೇಳಲಿಲ್ಲ.